ಹುಸಿ ಗುಳಿಗೆ ಕೊಟ್ಟಿದ್ದು ಅನ್ಯಾಯವೇ?

ಪತ್ರ: ಬೆಳಗಾವಿಯ ಜೆಎನ್‌ಎಂಸಿ ವೈದ್ಯಕೀಯ ಕಾಲೇಜಿನ ಸಂಶೋಧಕರು ಹಳ್ಳಿ ಹೆರಿಗೆಗಳಲ್ಲಿ ನಡೆಸಿದ, ಹೆರಿಗೆ ನಂತರದ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಗುಳಿಗೆಯ ಅಧ್ಯಯನದ ಬಗ್ಗೆ ಬರೆದಿದ್ದಿರಿ. ಅರ್ಧದಷ್ಟು ಬಾಣಂತಿಯರಿಗೆ ಔಷಧವೇ ಇಲ್ಲದ ಗುಳಿಗೆ ಕೊಟ್ಟರಂತೆ. ನಮ್ಮ ಹೆಣ್ಣುಮಕ್ಕಳೇನು ಪ್ರಯೋಗಪಶುಗಳೇ?
– ಓದುಗರೊಬ್ಬರು, ಮುಧೋಳ

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ಸಹಜವೇ. ಬ್ಯಾನಿ ತಿನ್ನುತ್ತಿರುವ ಹೆಂಗಸಿನ ಮುಂದೆ ಕಾಗದ ಹಿಡಿದರೆ ಅದು ಒಪ್ಪಿಗೆ ಎನಿಸದು. ಬಸುರಿಯಿದ್ದಾಗಲೇ ಆಕೆಗೆ ತಿಳಿಯುವಂತೆ ಹೇಳಿ ಕೇಳಬೇಕು. ಆದರೆ ಗುಳಿಗೆಯನ್ನೇ ಅನ್ಯಾಯ ಎಂದಿರಲ್ಲ, ನನ್ನ ತಕರಾರು ಅಲ್ಲಿದೆ.

2002ರಿಂದ 2005ರವರೆಗೆ 1620 ಬಾಣಂತಿಯರು. ಮಗು ಹುಟ್ಟಿದ ಮೇಲೆ 812 ಮಂದಿಗೆ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್, 808 ಮಂದಿಗೆ ಹುಸಿ ಗುಳಿಗೆ. ಹೆರಿಗೆ ಮಾಡಿಸಿ, ಗುಳಿಗೆ ಕೊಟ್ಟು, ರಕ್ತ ಅಳೆದವರು 25 ಎಎನ್‌ಎಂ ಸಿಸ್ಟರುಗಳು. ಯಾವುದು ಔಷಧ, ಯಾವುದು ಹುಸಿ ಎಂದು ಅವರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಅರಿವಿಲ್ಲದೆಯೇ ಅಳತೆ ಒಂದು ಕಡೆ ವಾಲುತ್ತದೆ.

ಅಳೆದದ್ದಾದರೂ ಹೇಗೆ? ಕೌದಿ ಹೀರಿಕೊಂಡ ರಕ್ತ, ಗರ್ಭಜಲದಲ್ಲಿ ಬೆರೆತ ರಕ್ತ ಕಣ್ಣಂದಾಜಿಗೆ ಸಿಗುವುದಿಲ್ಲ. ಹೆಚ್ಚು ಹೋದಷ್ಟೂ ಕಡಿಮೆಯೆಂದೇ ತೋರುತ್ತದೆ. ಅದಕ್ಕೇ ಗರ್ಭಜಲ ಹರಿದುಹೋದ ಮೇಲೆ ಬಾಣಂತಿಯ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಸೊಂಟಕ್ಕೆ ಲಾಡಿ ಕಟ್ಟಿ, ಅದರ ತುದಿಯ ಚೀಲಕ್ಕಿಳಿದ ರಕ್ತವನ್ನು ಮಿಲಿಲೀಟರ್ ಗೆರೆ ನೋಡಿ ಬರೆದುಕೊಂಡರು. ಎರಡು ತಾಸಿನೊಳಗೆ 500 ಮಿ.ಲೀ. ಮುಟ್ಟಿದರೆ ಅತಿಸ್ರಾವ. ರಕ್ತಹೀನತೆ ಇದ್ದವಳಿಗೆ ಅದಕ್ಕಿಂತ ಕಡಿಮೆಯೂ ಕುತ್ತೇ.

ಹುಸಿ ಗುಳಿಗೆಯವರಲ್ಲಿ ನೂರಕ್ಕೆ 12 ಮಂದಿಗೆ ಅತಿಸ್ರಾವವಾಯಿತು, ಔಷಧ ಪಡೆದವರಲ್ಲಿ 6.4. ಚಳಿ, ಜ್ವರ ಔಷಧದವರಲ್ಲಿ ಹೆಚ್ಚು ಕಂಡರೂ ಬಂದು ಹೋದವು. ಒಂದು ಎಚ್ಚರ: ಹೊಟ್ಟೆಯಲ್ಲಿ ಅವಳಿ ಇಲ್ಲವೆಂದು ಖಾತ್ರಿಯಾಗದೆ ಈ ಗುಳಿಗೆ ನುಂಗಿಸಬಾರದು, ಗರ್ಭಕೋಶ ಹರಿದೀತು.

ಈಗ ಆ 12ನ್ನೇ ತಿರುಗಿಸಿ ನೋಡಿ. ಔಷಧವಿಲ್ಲದೆಯೂ ನೂರಕ್ಕೆ 88 ಬಾಣಂತಿಯರು ಪಾರಾದರು! ಹೋಲಿಸಿ ನೋಡುವ ಗುಂಪೇ ಇಲ್ಲದಿದ್ದರೆ ಯಾರೋ ಬೇರು ತೇದು ಕುಡಿಸಿ ‘ನೂರಕ್ಕೆ 88 ಗುಣ’ ಎಂದು ಗೋಡೆಗೆ ಬರೆಸಬಹುದಿತ್ತು. ಕಾಮಾಲೆಯಲ್ಲಿ ಆಗುತ್ತಿರುವುದು ಅದೇ. ಕಾಮಾಲೆ ತರುವ ಹೆಪಟೈಟಿಸ್ ಎ ಸೋಂಕು ಬಹುಪಾಲು ತಾನಾಗಿಯೇ ವಾಸಿಯಾಗುತ್ತದೆ, ಕೀರ್ತಿ ಮಾತ್ರ ಸೊಪ್ಪಿನ ರಸಕ್ಕೆ. ಅಳತೆಯಿಲ್ಲದ ಮದ್ದಿಗೆ ಊರೇ ಸಾಲು ನಿಂತಾಗ ಯಾರೂ ಪ್ರಯೋಗಪಶು ಎನ್ನುವುದಿಲ್ಲ. ಅಳೆದು ನೋಡಿದವರ ಮೇಲೆ ಮಾತ್ರ ಸಂಶಯ.

2006ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಈ ಅಧ್ಯಯನ ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಹೆರಿಗೆ ನಂತರದ ರಕ್ತಸ್ರಾವ ತಡೆಯಲು ಈ ಗುಳಿಗೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನಮ್ಮ ಹಳ್ಳಿಗಳ ಬಾಣಂತಿಯರಿಂದ ಜಗತ್ತು ಕಲಿತ ಪಾಠ ನಮ್ಮವರಿಗೇ ಗೊತ್ತಿಲ್ಲ ಎಂಬುದು ನನ್ನ ದೊಡ್ಡ ಸಂಕಟ.

ಸಿಟ್ಟು ತೋರಿಸಲು ಬೇರೆ ಜಾಗವಿದೆ. ಆಸ್ಪತ್ರೆ ಹೆರಿಗೆಯಲ್ಲಿ ಈ ರಕ್ತಸ್ರಾವ ತಡೆಯಲು ಈಗ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುಮದ್ದೇ ಮೊದಲ ಆಯ್ಕೆ. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಬಾಗಲಕೋಟೆಯ ಏಪ್ರಿಲ್ ಬಿಸಿಲಲ್ಲಿ ಕಪಾಟಿನಲ್ಲಿ ಬಿದ್ದಿದ್ದರೆ ಸತ್ವ ಕುಂದುತ್ತದೆ, ಶೀಶೆ ನೋಡಿದರೆ ಏನೂ ತಿಳಿಯದು. ನಿಮ್ಮೂರಿನ ಹೆರಿಗೆ ಕೋಣೆಯಲ್ಲಿ ಫ್ರಿಜ್ ನಡೆಯುತ್ತದೆಯೇ, ಕರೆಂಟು ಹೋದಾಗ ಏನು ಮಾಡುತ್ತಾರೆ ಎಂದು ಕೇಳಿ ಬರೆಯಿರಿ. ಆ ಪತ್ರವನ್ನೂ ಪ್ರಕಟಿಸುತ್ತೇವೆ.