ಸದಾ ಕೆಟ್ಟದ್ದೇ ತೋಚುವ ಮನಸ್ಸನ್ನು ಸಕಾರಾತ್ಮಕ ಯೋಚನೆಗೆ ತಿರುಗಿಸುವುದು ಹೇಗೆ?

“ಎಲ್ಲವೂ ಒಳ್ಳೆಯದೇ ಆಗುತ್ತದೆ” ಎಂದು ದಿನವೂ ಜಪಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ತಾನು ನಂಬದ ಮಾತನ್ನು ಎಷ್ಟು ಸಲ ಕೇಳಿದರೂ ಮನಸ್ಸು ಒಪ್ಪುವುದಿಲ್ಲ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ ಚಿಕಿತ್ಸಾಕ್ರಮ ಇದಕ್ಕಿಂತ ಉಪಯುಕ್ತ: ತಾನಾಗಿಯೇ ನುಗ್ಗಿಬರುವ ಯೋಚನೆಯನ್ನು ತಡೆದು ನಿಲ್ಲಿಸಿ, ಅದಕ್ಕೆ ಆಧಾರವೇನಿದೆ ಎಂದು ವಿಚಾರಿಸಬೇಕು. ಉದಾಹರಣೆಗೆ, ಗೆಳತಿಗೆ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶಕ್ಕೆ ನೀಲಿ ಟಿಕ್ ಬಿದ್ದು, ಸಂಜೆಯಾದರೂ ಉತ್ತರ ಬಾರದಿದ್ದಾಗ “ಅವಳಿಗೆ ನನ್ನ ಮೇಲೆ ಸಿಟ್ಟು ಬಂದಿದೆ” ಎನ್ನಿಸುತ್ತದೆ. ಅದನ್ನು ಒಂದು ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ಖಚಿತವಾಗಿ ಗೊತ್ತಿರುವುದನ್ನಷ್ಟೇ ಬರೆಯಿರಿ: ಅವಳು ಓದಿದ್ದಾಳೆ, ಇನ್ನೂ ಉತ್ತರಿಸಿಲ್ಲ. ಸಿಟ್ಟು ನಾವು ಸೇರಿಸಿಕೊಂಡದ್ದು. ಹಾಗೆಂದು ಅದರ ಬದಲಿಗೆ ಇನ್ನೊಂದು ಸಿಹಿಯಾದ ಊಹೆಯನ್ನು ತಂದಿಡಬೇಕಾಗಿಲ್ಲ (ಪ್ರೇರಣಾ ಭಾಷಣಗಳು ಎಡವುವುದು ಇಲ್ಲಿಯೇ).

ಎರಡನೆಯ ಅಭ್ಯಾಸ ಇನ್ನೂ ಸರಳ. ಅಮೆರಿಕದ ಮನೋವಿಜ್ಞಾನಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಯಾ ದಿನ ಚೆನ್ನಾಗಿ ನಡೆದ ಮೂರು ಸಂಗತಿಗಳನ್ನು ಕಾರಣಸಮೇತ ಒಂದು ವಾರ ಪ್ರತಿರಾತ್ರಿ ಬರೆದವರ ಸಂತೋಷದ ಮಟ್ಟ ಆರು ತಿಂಗಳ ನಂತರವೂ ಹೆಚ್ಚಾಗಿಯೇ ಇತ್ತು. ಕಾರಣ ಬರೆಯುವುದನ್ನು ಬಿಡಬೇಡಿ. “ಊಟ ರುಚಿಯಾಗಿತ್ತು” ಎಂಬಲ್ಲಿಗೆ ನಿಲ್ಲಿಸಿದರೆ ಅದು ಬರೀ ದಿನಚರಿಯಾಗುತ್ತದೆ.

ಬೇಸರ, ನಿರಾಸಕ್ತಿ ಎರಡು ವಾರ ಮೀರಿ ಉಳಿದು ನಿದ್ದೆಯೂ ಹಸಿವೂ ಕೆಟ್ಟಿದ್ದರೆ, ಈ ಅಭ್ಯಾಸಗಳನ್ನೇ ನೆಚ್ಚಿ ಕೂರದೆ ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.