ಓನರ್ ಬೀಗ ಬದಲಾಯಿಸಿದರೆ ಏನು ಮಾಡಬೇಕು?

ತಮ್ಮಾ,

"ಅಣ್ಣ, ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಮನೆ ಓನರ್ ಕಾಟ ಕೊಟ್ಟರೆ, ವೀಸಾದ ಮೇಲೆ ಬಂದ ನಮ್ಮ ಮಾತು ಯಾರು ಕೇಳ್ತಾರೆ?" ಅಂತ ಮಂಡ್ಯದಿಂದ ಕೇಳಿದ್ದೀಯ. ರಜೆಗೆ ಬಂದು ಸರಸ್ವತಿಪುರಂನ ಅಮ್ಮನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಖಂಡಿತ ಕೇಳುತ್ತಾರೆ. ದೂರು ಕೊಟ್ಟರೆ ವೀಸಾಗೆ ಏನೂ ಆಗುವುದಿಲ್ಲ.

ಇಲ್ಲಿ ಮೈಸೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಡುತ್ತೇವೆ. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರೂ ಸುಮ್ನೆ ಇರುತ್ತೇವೆ, ಅಲ್ವಾ? ಇಂಗ್ಲೆಂಡಿನಲ್ಲಿ ಸುಮ್ಮನಿರಬೇಡ. ಸಾಮಾನ್ಯವಾಗಿ ಐದು ವಾರದ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ಕೇಳುವಂತಿಲ್ಲ. ಅದನ್ನು 30 ದಿನದೊಳಗೆ, ಡೆಪಾಸಿಟ್ಟಿಗೆ ರಕ್ಷಣೆ ಕೊಡಲು ಸರ್ಕಾರ ಒಪ್ಪಿದ ಸ್ಕೀಮಿನಲ್ಲಿ ಇಟ್ಟು, ವಿವರ ನಿನಗೆ ಬರೆದು ಕೊಡಬೇಕು. ಇಡದಿದ್ದರೆ ನೀನು ಕೋರ್ಟಿಗೆ ಹೋಗಬಹುದು. ಡೆಪಾಸಿಟ್ಟಿನ ಒಂದರಿಂದ ಮೂರು ಪಟ್ಟು ದುಡ್ಡನ್ನು ಓನರ್ ನಿನಗೆ ಕಟ್ಟಬೇಕಾಗುತ್ತದೆ. ನನ್ನ ಮೊದಲ ಓನರ್ ಅದನ್ನು ಎಲ್ಲೂ ಇಟ್ಟಿರಲಿಲ್ಲ. ಕಾನೂನು ಗೊತ್ತಿಲ್ಲದೆ ದುಡ್ಡು ಬಿಟ್ಟು ಬಂದೆ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕೋರ್ಟಿನ ಆದೇಶ ಇಲ್ಲದೆ ಬೀಗ ಬದಲಾಯಿಸಿ ಸಾಮಾನು ಹೊರಗೆ ಹಾಕುವುದು 1977ರ ಕಾಯ್ದೆಯ ಪ್ರಕಾರ ಅಪರಾಧ. ಎರಡು ವರ್ಷದವರೆಗೆ ಜೈಲಾಗಬಹುದು. ಹಾಗೇನಾದರೂ ಆದರೆ ತಕ್ಷಣ ಕೌನ್ಸಿಲ್‌ಗೆ, ಅಂದರೆ ನಮ್ಮ ನಗರಪಾಲಿಕೆಯಂಥ ಅಲ್ಲಿನ ಸ್ಥಳೀಯ ಆಡಳಿತಕ್ಕೆ, ಫೋನ್ ಮಾಡು.

ಇನ್ನೊಂದು ವಿಷಯ, ನಿಮ್ಮಂಥ ಹುಡುಗರಿಗೆ ಮುಖ್ಯವಾದದ್ದು. ಸಂಬಂಧಿಕರಲ್ಲದ ಐದಾರು ಜನ ಒಂದೇ ಅಡುಗೆಮನೆ ಹಂಚಿಕೊಂಡಿದ್ದರೆ ಆ ಮನೆಗೆ ಕೌನ್ಸಿಲ್ ಲೈಸೆನ್ಸ್ ಬೇಕು. ಲೈಸೆನ್ಸ್ ಇಲ್ಲದಿದ್ದರೆ ನೀವು ಕಟ್ಟಿದ ಬಾಡಿಗೆಯನ್ನೇ ವಾಪಸ್ ಕೇಳಿ ಟ್ರಿಬ್ಯುನಲ್‌ಗೆ (ಇಂಥ ತಕರಾರು ತೀರ್ಮಾನಿಸುವ ನ್ಯಾಯಮಂಡಳಿಗೆ) ಹೋಗಬಹುದು. ಮೊದಲು ಹೆಚ್ಚೆಂದರೆ 12 ತಿಂಗಳ ಬಾಡಿಗೆ ಸಿಗುತ್ತಿತ್ತು. 2025ರ ಹೊಸ ಕಾಯ್ದೆ ಅದನ್ನು 24 ತಿಂಗಳಿಗೆ ಏರಿಸಿದೆ. ಕೌನ್ಸಿಲ್ ಹಾಕುವ ದಂಡದ ಮಿತಿಯನ್ನೂ 30,000 ಪೌಂಡಿನಿಂದ 40,000ಕ್ಕೆ ಏರಿಸಿದೆ. ಗಂಭೀರ ಅಪರಾಧ ಮಾಡಿದವರು ಮನೆ ಬಾಡಿಗೆಗೆ ಕೊಡದಂತೆ ನಿಷೇಧ ಹಾಕಲೂ ಅವಕಾಶವಿದೆ.

ಆದರೆ ಒಂದು ಎಚ್ಚರಿಕೆ. ಓನರ್ ಅದೇ ಮನೆಯಲ್ಲಿ ವಾಸವಾಗಿದ್ದು ನಿನಗೆ ಒಂದು ರೂಮು ಕೊಟ್ಟಿದ್ದರೆ ಈ ರಕ್ಷಣೆಗಳಲ್ಲಿ ಬಹಳಷ್ಟು ಸಿಗುವುದಿಲ್ಲ. ಡೆಪಾಸಿಟ್ಟನ್ನು ಸ್ಕೀಮಿನಲ್ಲಿ ಇಡಬೇಕೆಂಬ ನಿಯಮವೂ ಇಲ್ಲ. ನಮ್ಮವರೇ ಅಂತ ನಂಬಿ ಹಾಗೆ ಸೇರಿಕೊಂಡು ಪಾಡುಪಟ್ಟವರನ್ನು ನೋಡಿದ್ದೇನೆ.

ಬಾಡಿಗೆಯನ್ನು ಬ್ಯಾಂಕಿನ ಮೂಲಕವೇ ಕಟ್ಟು. ಮೆಸೇಜುಗಳನ್ನು ಅಳಿಸಬೇಡ. ಅಗ್ರಿಮೆಂಟ್ ಬಂದರೆ ಸಹಿ ಮಾಡುವ ಮುಂಚೆ ನನಗೆ ಕಳಿಸು. ಭಾನುವಾರದವರೆಗೆ ಇಲ್ಲೇ ಇರುತ್ತೇನೆ. ಬೇಕಾದರೆ ಮಂಡ್ಯಕ್ಕೇ ಬರುತ್ತೇನೆ, ನಿನ್ನ ಅಪ್ಪ ಅಮ್ಮನ ಜೊತೆ ಕೂತು ಓದೋಣ.