ಮಗ ಬೆಳಗ್ಗೆ ಎದ್ದ ಕೂಡಲೇ ಕಣ್ಣು ಉಜ್ಜುತ್ತಾನೆ, ಇದು ಮದ್ರಾಸ್ ಐ ಇರಬಹುದಾ?

9 ವರ್ಷದ ಮಗನಿಗೆ ಎರಡೂ ಕಣ್ಣು ಕೆಂಪಗಾಗಿ ನೀರು ಸುರಿಯುತ್ತದೆ, ತಿಂಗಳಿಂದ ಕೆರೆತ, ಬೆಳಗ್ಗೆ ಇನ್ನೂ ಜಾಸ್ತಿ ಅಂದಿದ್ದೀರಿ. ನಾನು ಡಾಕ್ಟರ್ ಅಲ್ಲ. ಮಂಡ್ಯದಲ್ಲಿರುವ ತಾಯಿ, ನನ್ನ ಮಗಳಿಗೂ ಇದೇ ತೊಂದರೆ.

ಮದ್ರಾಸ್ ಐ ತಿಂಗಳುಗಟ್ಟಲೆ ಇರುವುದು ಅಪರೂಪ, ಮನೆಯವರಿಗೂ ಅಂಟುತ್ತದೆ. ಕೆರೆತವೇ ಮುಂದಿದ್ದರೆ ಅಲರ್ಜಿ ಇರುವ ಸಾಧ್ಯತೆ ಹೆಚ್ಚು. ಗಾಳಿಯಲ್ಲಿ ಬಂದ ಪರಾಗವೋ ಧೂಳೋ ಕಣ್ಣೀರಿನ ಪಸೆಗೆ ಅಂಟುತ್ತದೆ. ಅಲರ್ಜಿ ಇರುವವರಲ್ಲಿ ರೆಪ್ಪೆಯೊಳಗಿನ ಮಾಸ್ಟ್ ಕೋಶಗಳು ಅನ್ನುವ ಕಾವಲು ಕೋಶಗಳು ಆಗ ಹಿಸ್ಟಮಿನ್ ಅನ್ನುವ ರಾಸಾಯನಿಕ ಬಿಡುತ್ತವೆ. ಕೆರೆತ, ಊತ ಎಲ್ಲ ಅದರಿಂದಲೇ. ಉಜ್ಜಿದರೆ ಆ ಕೋಶಗಳು ಇನ್ನಷ್ಟು ಕೆರಳುತ್ತವೆ.

ನನ್ನ ಮಗಳು ಮುಷ್ಟಿ ಹಿಡಿದು ಬೆರಳ ಗೆಣ್ಣಿನಿಂದ ತಿರುವಿ ತಿರುವಿ ಉಜ್ಜುತ್ತಿದ್ದಳು. ಆ ಕ್ಷಣಕ್ಕೆ ಹಾಯ್ ಅನಿಸುತ್ತಿತ್ತಂತೆ. ಹತ್ತು ನಿಮಿಷಕ್ಕೆ ರೆಪ್ಪೆ ದಪ್ಪಗಾಗಿ, ಕಣ್ಣಿನ ಮೂಲೆಯಲ್ಲಿ ಬಿಳಿ ದಾರದಂಥ ಗೀಜು ಬರುತ್ತಿತ್ತು. ವರ್ಷಗಟ್ಟಲೆ ಹೀಗೆ ಉಜ್ಜಿದರೆ ಕಣ್ಣಿನ ಮುಂಭಾಗದ ಕಾರ್ನಿಯಾ ತೆಳುವಾಗಿ ಉಬ್ಬಬಹುದು. ಅದಕ್ಕೇ ಕೆರೆತ ಬಂದ ತಕ್ಷಣ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಕಣ್ಣಿನ ಮೇಲಿಡಿ.

ಅವಳಿಗೆ ಸಂಜೆ ಆಡಿ ಬಂದ ಮೇಲೆ ಜಾಸ್ತಿಯಾಗುತ್ತಿತ್ತು. ಒಂದು ದಿನ ಹಿಂದೆಯೇ ಹೋಗಿ ನೋಡಿದೆ. ನಾಲೆ ಏರಿ ಪಕ್ಕದ ಖಾಲಿ ಸೈಟ್ ತುಂಬ ಕಾಂಗ್ರೆಸ್ ಗಿಡ, ಸೊಂಟದೆತ್ತರ, ಮೈತುಂಬ ಬಿಳಿ ಹೂ! ಪಾರ್ಥೇನಿಯಂ ಅನ್ನುವುದೂ ಇದನ್ನೇ, ಇದರ ಪರಾಗ ಎಷ್ಟೋ ಜನಕ್ಕೆ ಆಗುವುದಿಲ್ಲ. ಆಡುವ ಜಾಗ ಬದಲಿಸಿದೆವು, ಅರ್ಧ ಕಡಿಮೆಯಾಯಿತು.

ನಿಮ್ಮ ಮಗನಿಗೆ ಬೆಳಗ್ಗೆ ಜಾಸ್ತಿ ಅಲ್ವಾ? ಹಾಗಾದರೆ ನಾನು ಮೊದಲು ಹಾಸಿಗೆ ನೋಡುತ್ತೇನೆ. ದಿಂಬಿನಲ್ಲಿ ಸುಮಾರು 0.3 ಮಿಲಿಮೀಟರ್ ಉದ್ದದ ಧೂಳಿನ ಹುಳ ನಮ್ಮ ಚರ್ಮದ ಹೊಟ್ಟು ತಿಂದು ಬದುಕುತ್ತದೆ. ಅದರ ಹಿಕ್ಕೆಯಿಂದಲೇ ಹೆಚ್ಚಾಗಿ ಅಲರ್ಜಿ. ಸುಮ್ನೆ ಕೊಡವಿದರೆ ಸಾಲದು. ದಿಂಬಿನ ಕವರ್, ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ.

ಕೈಮುಗಿದು ಕೇಳಿಕೊಳ್ಳುತ್ತೇನೆ, ಮೆಡಿಕಲ್ ಶಾಪ್‌ನಲ್ಲಿ ಕೇಳಿ ಡ್ರಾಪ್ಸ್ ತರಬೇಡಿ. ನಾವು ತಂದಿದ್ದೆವು. ಎರಡೇ ದಿನಕ್ಕೆ ಕಣ್ಣು ಬೆಳ್ಳಗಾಯಿತು, ಖುಷಿಯಲ್ಲಿ ತಿಂಗಳುಗಟ್ಟಲೆ ಹಾಕಿದೆವು. ಅದು ಸ್ಟೀರಾಯ್ಡ್! ಕಣ್ಣಿನ ಒತ್ತಡ ಏರಿ ದೃಷ್ಟಿ ನರ ಹಾಳಾಗುವ ಗ್ಲಾಕೋಮಾ, ಪೊರೆ ಬರಬಹುದು ಅಂತ ಡಾಕ್ಟರ್ ಹೇಳಿದಾಗ ಕೈಕಾಲು ನಡುಗಿತು. ಒತ್ತಡ ಸ್ವಲ್ಪ ಏರಿತ್ತು, ನಿಲ್ಲಿಸಿದ ಮೇಲೆ ಇಳಿಯಿತು. ಈಗ ಅವರೇ ಬರೆದುಕೊಟ್ಟ ಒಲೊಪಟಡಿನ್ ಅನ್ನುವ ಅಲರ್ಜಿ ಡ್ರಾಪ್ಸ್ ಹಾಕುತ್ತೇವೆ.

ಬೆಳಕು ಚುಚ್ಚುತ್ತದೆ, ಮಂಜು ಮಂಜಾಗಿ ಕಾಣುತ್ತದೆ ಅಂದರೆ ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಇಲ್ಲಿಯವರೆಗೆ ಏನಾದರೂ ಡ್ರಾಪ್ಸ್ ಹಾಕಿದ್ದರೆ ಆ ಬಾಟಲಿಯನ್ನೂ ಜೊತೆಗೆ ಒಯ್ಯಿರಿ.